ಅನುದಾನ ಕೇಳುವಾಗ ನಿಜವಾದ ಖರ್ಚು ಬರೆಯಿರಿ

ಸಣ್ಣ ಸಂಘ-ಸಂಸ್ಥೆಗಳ ಲೆಕ್ಕಪತ್ರ ನೋಡುವುದು, ಅವರ ಅನುದಾನದ ಅರ್ಜಿ ತಿದ್ದಿಕೊಡುವುದು ನನ್ನ ಕಸುಬು. ಫೋನ್ ಮಾಡುವವರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ: "ಸರ್, ಈಗ ಯಾವ ಕಂಪನಿ ಫಂಡ್ ಕೊಡ್ತಾ ಇದೆ?" ಕೊಡುವವರ ಹೆಸರು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಹೆಸರು ಸಿಕ್ಕ ಮೇಲೆ ಅರ್ಜಿ ಮುಗ್ಗರಿಸುವುದು ಎರಡು ಕಡೆ. ಒಂದು ಕಾಗದಪತ್ರ, ಇನ್ನೊಂದು ಬಜೆಟ್. ಬಜೆಟ್ ಬಗ್ಗೆ ಹೇಳುವುದು ಜಾಸ್ತಿ ಇದೆ, ಹಾಗಾಗಿ ಕಾಗದಪತ್ರ ಮೊದಲು ಮುಗಿಸಿಬಿಡೋಣ.

ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಆದ ಸಂಘವಿರಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಇರಲಿ, ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ಲಾಭದ ಉದ್ದೇಶವಿಲ್ಲದೆ ನಡೆಯುವ ಕಂಪನಿ ಇರಲಿ, ಅನುದಾನಕ್ಕೆ ಮೂರೂ ನಡೆಯುತ್ತವೆ. ಪ್ಯಾನ್ ಮತ್ತು ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ನೋಂದಣಿ ಬೇಕು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ, ಅದರಲ್ಲಿ ಸೆಕ್ಷನ್ ನಂಬರ್‌ಗಳು ಬೇರೆ. ಆದರೆ ಮಾತಿನಲ್ಲಿ ಎಲ್ಲರ ಬಾಯಲ್ಲೂ 12ಎ, 80ಜಿ ಎಂದೇ ಉಳಿದಿದೆ. ಸರ್ಕಾರದ ದುಡ್ಡಿಗೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿದಾಗ ಸಿಗುವ ಐಡಿ ಕೇಳುತ್ತಾರೆ. ಕಂಪನಿಗಳ ಸಿಎಸ್‌ಆರ್ ದುಡ್ಡಿಗೆ, ಅಂದರೆ ಕಾನೂನಿನ ಪ್ರಕಾರ ಅವು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕಾದ ದುಡ್ಡಿಗೆ, ಸಿಎಸ್‌ಆರ್-1 ಫಾರ್ಮ್ ಸಲ್ಲಿಸಿ ನಂಬರ್ ಪಡೆದಿರಬೇಕು. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ.

ಇಲ್ಲಿ ಸಿಕ್ಕಿಬೀಳುವುದು ಚಿಕ್ಕ ಚಿಕ್ಕ ವಿಷಯಗಳಲ್ಲಿ. ಬೈಲಾದಲ್ಲಿ "ಶ್ರೀ" ಇರುತ್ತದೆ, ಪ್ಯಾನ್ ಕಾರ್ಡ್‌ನಲ್ಲಿ ಇರುವುದಿಲ್ಲ. ಪಾಸ್‌ಬುಕ್‌ನಲ್ಲಿ "ಸೇವಾ ಟ್ರಸ್ಟ್", ಟ್ರಸ್ಟ್ ಡೀಡ್‌ನಲ್ಲಿ "ಸೇವಾ ಪ್ರತಿಷ್ಠಾನ". ಊರಿನಲ್ಲಿ ಇದು ಯಾರಿಗೂ ತೊಂದರೆ ಕೊಟ್ಟಿರುವುದಿಲ್ಲ. ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡಿದ ಕೂಡಲೇ ಅರ್ಜಿ ನಿಂತುಬಿಡುತ್ತದೆ. ಇನ್ನೊಂದು, ಸಂಘವಾದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಬಿಟ್ಟು, ಅನುದಾನದ ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹೊಸ ಸಂಸ್ಥೆಗೆ 12ಎ, 80ಜಿ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿಯಾಗಿ. ಕೆಲಸ ಶುರುವಾದ ಆರು ತಿಂಗಳೊಳಗೆ, ಅಥವಾ ಆ ಅವಧಿ ಮುಗಿಯಲು ಆರು ತಿಂಗಳು ಇರುವಾಗ, ಯಾವುದು ಮೊದಲೋ ಅಷ್ಟರಲ್ಲಿ ರೆಗ್ಯುಲರ್ ನೋಂದಣಿಗೆ ಅರ್ಜಿ ಹಾಕಬೇಕು. ಈ ತಾರೀಕನ್ನು ಕಚೇರಿಯ ಕ್ಯಾಲೆಂಡರ್ ಮೇಲೆ ಬರೆದು ಹಾಕಿ.

ಈಗ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ, ಹಿಂದಿನ ವರ್ಷ 500 ಕೋಟಿ ರೂಪಾಯಿ ನೆಟ್‌ವರ್ತ್, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 5 ಕೋಟಿ ಲಾಭ ಅನ್ನುವುದನ್ನು ಗಮನಿಸಿ. ಎಲ್ಲರೂ ಇನ್ಫೋಸಿಸ್, ವಿಪ್ರೋ ಬಾಗಿಲಿಗೇ ಹೋಗುತ್ತಾರೆ. ನಿಮ್ಮ ಜಿಲ್ಲೆಯ ಕೈಗಾರಿಕಾ ಪ್ರದೇಶದಲ್ಲಿರುವ, ಹೆಸರೇ ಕೇಳಿರದ ಬಿಡಿಭಾಗದ ಕಂಪನಿಗೂ ಈ ಕಾಯ್ದೆ ಅನ್ವಯಿಸುತ್ತಿರಬಹುದು. ಕಂಪನಿ ತಾನು ಇರುವ ಪ್ರದೇಶದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯಲ್ಲೇ ಇದೆ. ಸಂಡೂರಿನ ಸಂಸ್ಥೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಹತ್ತಿರ, ರಾಮನಗರದ ಸಂಸ್ಥೆಗೆ ಬಿಡದಿಯ ಕಾರ್ಖಾನೆಗಳು ಹತ್ತಿರ. ಮುಂಬೈಯ ಹೆಡ್ ಆಫೀಸಿಗೆ ಮೇಲ್ ಕಳಿಸಿ ಕಾಯುವ ಬದಲು ಕಾರ್ಖಾನೆಯ ಸಿಎಸ್‌ಆರ್ ಅಧಿಕಾರಿಯನ್ನು ಹೋಗಿ ಭೇಟಿ ಮಾಡಿ.

ಹೋಗುವ ಮೊದಲು ಸ್ವಲ್ಪ ಓದಿಕೊಳ್ಳಿ. ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಯಾವ ರಾಜ್ಯದಲ್ಲಿ, ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದೆ ಎಂದು ಯಾರು ಬೇಕಾದರೂ ನೋಡಬಹುದು. ಕಂಪನಿಗೆ ವೆಬ್‌ಸೈಟ್ ಇದ್ದರೆ ಅದರ ಸಿಎಸ್‌ಆರ್ ನೀತಿ, ಒಪ್ಪಿದ ಯೋಜನೆಗಳು ಅಲ್ಲಿ ಇರಲೇಬೇಕು. ಶಾಲೆ ಕಟ್ಟಡಕ್ಕೇ ಕೊಡುತ್ತಾ ಬಂದಿರುವ ಕಂಪನಿಯ ಮುಂದೆ ಬೀದಿ ನಾಟಕದ ಯೋಜನೆ ಇಟ್ಟರೆ ಇಬ್ಬರ ಸಮಯವೂ ಹಾಳು. ವಾರ್ಷಿಕೋತ್ಸವ, ಮ್ಯಾರಥಾನ್, ಸನ್ಮಾನ ಸಮಾರಂಭದಂಥ ಒಂದು ದಿನದ ಕಾರ್ಯಕ್ರಮಗಳು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಕಂಪನಿ ಕೊಟ್ಟರೂ ಜಾಹೀರಾತಿನ ಖಾತೆಯಿಂದ ಕೊಡುತ್ತದೆ, ಅದನ್ನು ಕೇಳುವ ದಾರಿಯೇ ಬೇರೆ.

ಯಾವಾಗ ಕೇಳಬೇಕು? ಮುಂದಿನ ವರ್ಷದ ಯೋಜನೆಗಳ ಮಾತುಕತೆ ಹೆಚ್ಚಿನ ಕಂಪನಿಗಳಲ್ಲಿ ದೀಪಾವಳಿ ಕಳೆದ ಮೇಲೆ ಶುರುವಾಗುತ್ತದೆ. ಆಗಲೇ ಪರಿಚಯ ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಕೆಲವೊಮ್ಮೆ ಕಂಪನಿಯವರೇ ಫೋನ್ ಮಾಡಿ "ಸ್ವಲ್ಪ ದುಡ್ಡು ಉಳಿದಿದೆ, ತಗೊಳ್ತೀರಾ" ಎಂದು ಕೇಳುತ್ತಾರೆ. ಖುಷಿಯಿಂದ ಹೂಂ ಅನ್ನುವ ಮೊದಲು ಒಂದು ವಿಷಯ ತಿಳಿದಿರಲಿ. ಕಂಪನಿ ನಿಮ್ಮ ಖಾತೆಗೆ ಹಾಕಿದ ಮಾತ್ರಕ್ಕೆ ಅದು ಸಿಎಸ್‌ಆರ್ ಖರ್ಚು ಎಂದು ಲೆಕ್ಕಕ್ಕೆ ಬರುವುದಿಲ್ಲ, ನೀವು ಅದನ್ನು ಬಳಸಿರಬೇಕು. ಮಾರ್ಚ್ 20ಕ್ಕೆ ದುಡ್ಡು ಕೊಟ್ಟು 31ಕ್ಕೆ ಬಳಕೆ ಪ್ರಮಾಣಪತ್ರ ಕೇಳುತ್ತಾರಲ್ಲ, ಕಾರಣ ಇದೇ. ಹನ್ನೊಂದು ದಿನದಲ್ಲಿ ಒಳ್ಳೆಯ ರೀತಿಯಲ್ಲಿ ಖರ್ಚು ಮಾಡಬಹುದಾದ್ದು ಬೆಂಚು, ಪುಸ್ತಕ, ವಾಟರ್ ಫಿಲ್ಟರ್ ಅಷ್ಟೇ. ವರ್ಷವಿಡೀ ನಡೆಯುವ ಕೆಲಸವಾದರೆ ಅದನ್ನು "ಚಾಲ್ತಿ ಯೋಜನೆ" ಎಂದು ಬೋರ್ಡ್‌ನಲ್ಲಿ ಒಪ್ಪಿಸಿಕೊಳ್ಳಲು ಹೇಳಿ. ಆಗ ಉಳಿದ ದುಡ್ಡನ್ನು ಕಂಪನಿ ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ಮೂರು ವರ್ಷದಲ್ಲಿ ಬಳಸಬಹುದು.

ಇನ್ನು ಬಜೆಟ್. ಒಂದು ಉದಾಹರಣೆ ಹಿಡಿದು ನೋಡೋಣ. ಐದು ಹಳ್ಳಿಗಳಲ್ಲಿ ಸಂಜೆ ಕಲಿಕಾ ಕೇಂದ್ರ ನಡೆಸುವ ಯೋಜನೆ. ಪ್ರತಿ ಕೇಂದ್ರದಲ್ಲಿ 30 ಮಕ್ಕಳು, ಒಟ್ಟು 150. ನನ್ನ ಬಳಿ ಬರುವ ಬಜೆಟ್ ಸಾಮಾನ್ಯವಾಗಿ ಹೀಗಿರುತ್ತದೆ: ಐದು ಜನ ಶಿಕ್ಷಕಿಯರಿಗೆ ತಿಂಗಳಿಗೆ 6,000ದಂತೆ ವರ್ಷಕ್ಕೆ 3,60,000. ಪುಸ್ತಕ, ಕಲಿಕಾ ಸಾಮಗ್ರಿಗೆ ಕೇಂದ್ರಕ್ಕೆ 15,000ದಂತೆ 75,000. ಎರಡು ತರಬೇತಿಗೆ 40,000. ಒಟ್ಟು 4,75,000 ರೂಪಾಯಿ.

ಆಗ ನಾನು ಕೇಳುತ್ತೇನೆ: ಈ ಐದು ಹಳ್ಳಿಗೆ ವಾರವಾರ ಹೋಗಿ ನೋಡುವವರು ಯಾರು? "ನಾನೇ ಸರ್." ಬೈಕಿಗೆ ಪೆಟ್ರೋಲ್? "ಅದು ನಡೆದುಹೋಗುತ್ತೆ." ಕ್ಯಾಶ್ ಬುಕ್ ಬರೆಯುವವರು? "ಮನೆಯವಳು ಬರೀತಾಳೆ." ಕಚೇರಿ ಬಾಡಿಗೆ, ಕರೆಂಟ್ ಬಿಲ್? "ನಮ್ಮದೇ ರೂಮು." ಆಡಿಟ್ ಫೀಸ್? ಇದಕ್ಕೆ ಉತ್ತರ ಬರುವುದಿಲ್ಲ.

ಇವನ್ನೆಲ್ಲ ಬರೆಯೋಣ. ಸಂಯೋಜಕರಿಗೆ ತಿಂಗಳಿಗೆ 18,000, ವರ್ಷಕ್ಕೆ 2,16,000. ಓಡಾಟಕ್ಕೆ 30,000. ಅರ್ಧ ದಿನ ಲೆಕ್ಕ ಬರೆಯುವವರಿಗೆ ತಿಂಗಳಿಗೆ 4,000, ವರ್ಷಕ್ಕೆ 48,000. ಆಡಿಟ್‌ಗೆ 20,000. ಬಾಡಿಗೆ, ಕರೆಂಟ್‌ನಲ್ಲಿ ಈ ಯೋಜನೆಯ ಪಾಲು 36,000. ಇಷ್ಟಕ್ಕೇ 3,50,000. ಈಗ ಒಟ್ಟು 8,25,000. ಒಂದು ಮಗುವಿಗೆ ವರ್ಷಕ್ಕೆ 5,500 ರೂಪಾಯಿ.

ಈ ಮೊತ್ತ ನೋಡಿ ಸಂಸ್ಥೆಯವರು ಹೆದರುತ್ತಾರೆ. "ಇಷ್ಟು ಕೇಳಿದರೆ ಕೊಡಲ್ಲ ಸರ್." ನನ್ನ ಅನುಭವ ಬೇರೆ. ಹತ್ತಾರು ಯೋಜನೆ ನೋಡಿದ ಅಧಿಕಾರಿಗೆ 4,75,000ದ ಬಜೆಟ್ ಕಂಡ ಕೂಡಲೇ ಉಸ್ತುವಾರಿ ಯಾರದು ಎಂಬ ಅನುಮಾನ ಬರುತ್ತದೆ. ಕೊಟ್ಟರೂ ಆಗುವುದೇನು? ಸಂಯೋಜಕ ಮೊದಲ ಆರು ತಿಂಗಳು ಕೈಯಿಂದ ಹಾಕಿ ಓಡಾಡುತ್ತಾನೆ. ಆಮೇಲೆ ಭೇಟಿ ಕಡಿಮೆಯಾಗುತ್ತದೆ. ಒಂದು ಕೇಂದ್ರದ ಶಿಕ್ಷಕಿ ಬಿಟ್ಟು ಹೋದರೆ ಎರಡು ತಿಂಗಳು ಬೀಗ. ವರ್ಷದ ಕೊನೆಗೆ ವರದಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಸಂಬಳವಿಲ್ಲದೆ ದುಡಿಯುವುದನ್ನು ನಮ್ಮಲ್ಲಿ ದೊಡ್ಡ ಗುಣ ಎಂದು ಕಾಣುತ್ತಾರೆ, ನನಗೂ ಅಂಥವರ ಮೇಲೆ ಅಪಾರ ಗೌರವವಿದೆ. ಆದರೆ ಆ ದುಡಿಮೆ ಪುಕ್ಕಟೆ ಎಂದು ಬಜೆಟ್‌ನಲ್ಲಿ ಬರೆದರೆ, ಇಂಥ ಕೆಲಸಕ್ಕೆ ಅಷ್ಟೇ ಸಾಕು ಎಂದು ಕೊಡುವವರೂ ನಂಬುತ್ತಾರೆ. ಮುಂದೆ ಬರುವ ಯುವಕ-ಯುವತಿಯರಿಗೆ ಆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ. ನಿಮ್ಮ ಸಮಯವನ್ನು ಸಂಸ್ಥೆಗೆ ದಾನ ಮಾಡುವುದಿದ್ದರೆ ಮಾಡಿ, ಆದರೆ ಬಜೆಟ್‌ನಲ್ಲಿ ಅದರ ಬೆಲೆ ಬರೆದು, ಎದುರಿಗೆ "ಸಂಸ್ಥೆಯ ಪಾಲು" ಎಂದು ತೋರಿಸಿ.

"ಆಡಳಿತ ವೆಚ್ಚ 5% ದಾಟಬಾರದು, ರೂಲ್ಸ್ ಇದೆ" ಎಂಬ ಮಾತು ನಿಮಗೂ ಎದುರಾಗುತ್ತದೆ. ಸಿಎಸ್‌ಆರ್ ನಿಯಮದ ಆ 5% ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ ಹಾಕಿದ್ದು. ಯೋಜನೆ ರೂಪಿಸಲು, ನಡೆಸಲು, ಉಸ್ತುವಾರಿ ಮಾಡಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಸಂಯೋಜಕರ ಸಂಬಳವನ್ನು "ಆಡಳಿತ" ಎಂಬ ತಲೆಬರಹದ ಕೆಳಗೆ ಹಾಕಬೇಡಿ. ಅವರು ಹಳ್ಳಿಗೆ ಹೋಗಿ ಮಾಡುವುದು ಯೋಜನೆಯ ಕೆಲಸ, ಅದನ್ನು ಯೋಜನೆಯ ಖರ್ಚಿನಲ್ಲೇ ಬರೆಯಿರಿ. ಕೆಲವು ಕಂಪನಿಗಳಿಗೆ ತಮ್ಮದೇ ಒಳನೀತಿ ಇರುತ್ತದೆ, ಅದರ ಬಗ್ಗೆ ಗೌರವದಿಂದ ಮಾತಾಡಬಹುದು. ಕಾನೂನೇ ಹಾಗಿದೆ ಎಂದು ಸುಮ್ನೆ ಒಪ್ಪಿಕೊಳ್ಳಬೇಡಿ.

ಕಂಪನಿಗಳನ್ನು ಬಿಟ್ಟರೂ ದಾರಿಗಳಿವೆ. ಜಲಾನಯನ, ಆದಿವಾಸಿ ಕುಟುಂಬಗಳ ವಾಡಿ ತೋಟ, ಸ್ವಸಹಾಯ ಸಂಘಗಳಂಥ ಕೆಲಸ ನಿಮ್ಮದಾದರೆ ನಬಾರ್ಡ್‌ನ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್) ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಾಣಿ. ಎಲ್ಲರೂ ಡಿಡಿಎಂ ಅನ್ನುತ್ತಾರೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ಸ್ವತಃ ಕೆಲಸ ಮಾಡುವುದಲ್ಲದೆ ಬೇರೆ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ಕಲೆಯ ಕ್ಷೇತ್ರದವರು ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಬಗ್ಗೆ ತಿಳಿದಿರಲೇಬೇಕು. 1995ರಿಂದ ಅನುದಾನ ಕೊಡುತ್ತಿದ್ದಾರೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅವರ "ಕಲಿ-ಕಲಿಸು" ಕಾರ್ಯಕ್ರಮದಲ್ಲಿ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಅನುದಾನ ಪಡೆದು ಊರಿನ ಕಲೆಯನ್ನು ತರಗತಿಗೆ ತಂದಿದ್ದಾರೆ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವೂ ಇದೆ. ಅದರ ಪ್ರಕಟಣೆ ಬಂದಾಗ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಿ. ಸರ್ಕಾರದ ದುಡ್ಡು ತಡವಾಗಿ ಬರುತ್ತದೆ ಎಂದುಕೊಂಡೇ ಕಾರ್ಯಕ್ರಮ ಹಾಕಿಕೊಳ್ಳಿ.

ವಿದೇಶದ ದುಡ್ಡಿನ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಅಮೆರಿಕದಲ್ಲಿರುವ ಊರಿನ ಹುಡುಗ ಪ್ರೀತಿಯಿಂದ ಶಾಲೆಗೆ ಒಂದು ಲಕ್ಷ ಕಳಿಸುತ್ತೇನೆ ಅನ್ನುತ್ತಾನೆ. ಅವನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ. ಅಲ್ಲಿನ ಕನ್ನಡ ಸಂಘ ಕಳಿಸಿದ್ದೂ ಅಷ್ಟೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮೂಲ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು. ಹಣ ಬರುವುದು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ದೊಡ್ಡ ಸಂಸ್ಥೆ ವಿದೇಶದಿಂದ ಪಡೆದು ನಿಮಗೆ ಹಂಚುವ ಹಳೆಯ ಪದ್ಧತಿಯೂ 2020ರ ತಿದ್ದುಪಡಿಯಿಂದ ನಿಂತಿದೆ. ಆ ತಿದ್ದುಪಡಿಯಿಂದ ಅತಿ ಹೆಚ್ಚು ಪೆಟ್ಟು ತಿಂದದ್ದು ಹಳ್ಳಿಯ ಸಣ್ಣ ಸಂಸ್ಥೆಗಳು. ಆ ನೋವು ನನಗೆ ಇನ್ನೂ ಇದೆ.

ಮಧ್ಯವರ್ತಿಗಳ ಬಗ್ಗೆ ಎರಡೇ ಮಾತು. "ಒಂದು ಕೋಟಿ ಕೊಡಿಸ್ತೀನಿ, 30% ವಾಪಸ್ ಕ್ಯಾಶ್ ಕೊಡಿ" ಅನ್ನುವವರು, "ಪ್ರೊಸೆಸಿಂಗ್ ಫೀ ಮೊದಲು ಕಟ್ಟಿ" ಅನ್ನುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನಿಜವಾಗಿ ಅನುದಾನ ಕೊಡುವ ಯಾವ ಸಂಸ್ಥೆಯೂ ಅದಕ್ಕಾಗಿ ನಿಮ್ಮಿಂದ ದುಡ್ಡು ಕೇಳುವುದಿಲ್ಲ. 2025ರ ಆರಂಭದಲ್ಲಿ ಕೇರಳದಲ್ಲಿ ಸಿಎಸ್‌ಆರ್ ಹೆಸರು ಹೇಳಿ ಅರ್ಧ ಬೆಲೆಗೆ ಸ್ಕೂಟರ್ ಕೊಡಿಸುವುದಾಗಿ ಸಾವಿರಾರು ಮಹಿಳೆಯರಿಂದ ಹಣ ಕಟ್ಟಿಸಿಕೊಂಡ ಪ್ರಕರಣ ಬಯಲಾಯಿತು. ಅಲ್ಲಿ ಸ್ಥಳೀಯ ಸಂಘ-ಸಂಸ್ಥೆಗಳನ್ನು ನಂಬಿ ಜನ ದುಡ್ಡು ಕೊಟ್ಟಿದ್ದರು. ನಗದು ವಾಪಸ್ ಕೊಟ್ಟು ಸುಳ್ಳು ಬಿಲ್ ಮಾಡಿದರೆ ಸಹಿ ಹಾಕಿದ ನೀವೇ ಉತ್ತರ ಹೇಳಬೇಕಾಗುತ್ತದೆ, ಮಧ್ಯವರ್ತಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಅನುದಾನ ಮಂಜೂರಾಯಿತು ಅಂದುಕೊಳ್ಳಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂತುಗಳ ತಾರೀಕು ಓದಿ. ಎರಡನೇ ಕಂತು ಬರುವುದು ಮೊದಲನೆಯದರ ಲೆಕ್ಕ ಕೊಟ್ಟ ಮೇಲೆ, ಆ ನಡುವಿನ ಒಂದೆರಡು ತಿಂಗಳ ಸಂಬಳ ಎಲ್ಲಿಂದ ಎಂದು ಈಗಲೇ ಯೋಚಿಸಿ. ಪ್ರತಿ ಅನುದಾನಕ್ಕೂ ಬೇರೆ ಲೆಡ್ಜರ್ ಇಡಿ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ. ಬಿಲ್ ಮೇಲೆ ಆಯಾ ಯೋಜನೆಯ ಹೆಸರಿನ ಸೀಲ್ ಹಾಕಿ, ಒಂದೇ ಬಿಲ್ ಇಬ್ಬರಿಗೆ ತೋರಿಸಿದ ಅನುಮಾನವೇ ಬರಬಾರದು. ಕೇಂದ್ರ ಸರ್ಕಾರದ ಅನುದಾನವಾದರೆ ಅದರ ಮೇಲೆ ಬಂದ ಬಡ್ಡಿಯನ್ನೂ ಲೆಕ್ಕದಲ್ಲಿ ತೋರಿಸಿ ವಾಪಸ್ ಕಟ್ಟಬೇಕು. ತರಬೇತಿಗೆ ಇಟ್ಟ 40,000ದಲ್ಲಿ 15,000 ಉಳಿದು, ಪುಸ್ತಕಕ್ಕೆ ಕಡಿಮೆ ಬಿದ್ದರೆ ನೀವೇ ಬದಲಾಯಿಸಿಕೊಳ್ಳಬೇಡಿ. ಖರ್ಚು ಮಾಡುವ ಮೊದಲು ಕಾರಣ ಬರೆದು ಒಂದು ಮೇಲ್ ಕಳಿಸಿ, ಒಪ್ಪಿಗೆ ಬಂದ ಮೇಲ್‌ನ ಪ್ರಿಂಟ್ ತೆಗೆದು ಆ ಬಿಲ್‌ಗಳ ಜೊತೆಗೇ ಫೈಲ್‌ನಲ್ಲಿ ಹಾಕಿಡಿ. ಆಡಿಟ್‌ಗೆ ಕೂತಾಗ ನಾನು ಮೊದಲು ಕೇಳುವುದು ಅದನ್ನೇ.