ಗೋಡೆ ಪಸೆ ಹಿಡಿದರೆ ಇಗರ್ಜಿಗೆ ವಯಸ್ಸಾಯಿತೆಂದಲ್ಲ

ಹಳೆಯ ಇಗರ್ಜಿಯನ್ನು, ಎಂದರೆ ಚರ್ಚ್ ಕಟ್ಟಡವನ್ನು, ನೋಡಿ ವರದಿ ಕೊಡಿ ಎಂದು ನನ್ನನ್ನು ಕರೆಯುವ ಪಾಲನಾ ಮಂಡಳಿಗಳಲ್ಲಿ ಹೆಚ್ಚಿನವು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತವೆ. ಹೊಸ ಇಗರ್ಜಿಯ ನಕ್ಷೆ ಫಾದರ್ ಅವರ ಮೇಜಿನ ಖಾನೆಯಲ್ಲಿ ಆಗಲೇ ಇರುತ್ತದೆ; ನನ್ನಿಂದ ಬೇಕಾಗಿರುವುದು ‘ಈ ಕಟ್ಟಡ ಬಳಕೆಗೆ ಸುರಕ್ಷಿತವಲ್ಲ’ ಎಂಬ ಒಂದು ಸಾಲು, ಅದರ ಕೆಳಗೊಂದು ಮೊಹರು. ಆ ಸಾಲು ಬರೆಯಲು ನಾನು ತಡಮಾಡಿದರೆ ಅವರು ನನ್ನನ್ನು ಪಕ್ಕದ ಗೋಡೆಯ ಬಳಿಗೆ ಕರೆದೊಯ್ದು, ಎದೆಯೆತ್ತರದವರೆಗೆ ಹರಡಿದ ಕಪ್ಪು ಕಲೆಯನ್ನೂ ಉಬ್ಬಿ ಉದುರುತ್ತಿರುವ ಬಣ್ಣವನ್ನೂ ತೋರಿಸಿ, ‘ನೋಡಿ ಸರ್, ಎಷ್ಟು ಸಲ ರಿಪೇರಿ ಮಾಡಿದರೂ ಪಸೆ ಹೋಗುವುದಿಲ್ಲ, ನೂರೈವತ್ತು ವರ್ಷದ ಗೋಡೆ ಅಲ್ಲವೇ’ ಎನ್ನುತ್ತಾರೆ. ಈ ಅಂಕಣ ಆ ಒಂದು ಮಾತಿನ ಕುರಿತು. ಎಷ್ಟೋ ಸಲ ರಿಪೇರಿ ಆಗಿರುವುದು ನಿಜ, ಗೋಡೆಗೆ ನೂರೈವತ್ತು ವರ್ಷವಾಗಿರುವುದೂ ನಿಜ. ಆದರೆ ಪಸೆಗೆ, ಎಂದರೆ ಗೋಡೆಯ ತೇವಕ್ಕೆ, ಕಾರಣ ವಯಸ್ಸಲ್ಲ, ಆ ರಿಪೇರಿಯೇ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ, ಕನ್ಯಾಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ ಕಳೆದ ವಾರ, ಕರಾವಳಿಯ ಒಂದು ಸಣ್ಣ ಪಟ್ಟಣದಿಂದ ಇಂತಹದೇ ಕರೆ ಬಂತು. ಅಲ್ಲಿನ ಚರ್ಚೆ ಇನ್ನೂ ಮುಗಿಯದಿರುವುದರಿಂದ ಊರಿನ ಹೆಸರನ್ನು ಬರೆಯುವುದಿಲ್ಲ. ಆ ಇಗರ್ಜಿಯ ಹನ್ನೆರಡು ಗಂಟೆಯ ಘಂಟೆ ಕೇಳಿಯೇ ಪೇಟೆಯ ಅಂಗಡಿಯವರು, ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಊಟಕ್ಕೆ ಹೋಗುವ ಹೊತ್ತಾಯಿತೆಂದು ತಿಳಿಯುತ್ತಾರೆ. ಧರ್ಮಕೇಂದ್ರದಲ್ಲಿ ಎರಡು ಪಕ್ಷಗಳಾಗಿವೆ. ಬರಲಿರುವ ಜ್ಯುಬಿಲಿಯೊಳಗೆ ಹೊಸ ಇಗರ್ಜಿ ಏಳಬೇಕೆನ್ನುವವರಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ದಾನಿಗಳಿದ್ದಾರೆ, ಹಬ್ಬದ ದಿನ ಮಕ್ಕಳನ್ನೆತ್ತಿಕೊಂಡು ಹೊರಗೆ ಶಾಮಿಯಾನದಡಿ ನಿಂತು ಬೇಸತ್ತ ಕುಟುಂಬಗಳೂ ಇವೆ. ಹಳೆಯದೇ ಇರಲಿ ಎನ್ನುವವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಸಭೆಯಲ್ಲಿ ಮೈಕ್ ಅವರ ಕೈಗೆ ಬರುವುದು ಅಪರೂಪ.

ನಮ್ಮ ಕರಾವಳಿಯ ‘ಹಳೆಯ ಇಗರ್ಜಿ’ಗಳಲ್ಲಿ ಬಹಳಷ್ಟು ಹತ್ತೊಂಬತ್ತನೆಯ ಶತಮಾನದವು. 1784ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿನ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದಕ್ಕಿಂತ ಹಿಂದಿನ ಇಗರ್ಜಿಗಳು ಬಹುಪಾಲು ನೆಲಸಮವಾದವು. 1799ರ ನಂತರ ಮರಳಿದವರೂ ಅವರ ಮಕ್ಕಳೂ ಮೊಮ್ಮಕ್ಕಳೂ ಮತ್ತೆ ಕಟ್ಟಿಕೊಂಡರು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿಗೆ, ಎಂದರೆ ಛಾವಣಿಗೆ, ಹಂಚು ಬಂತು. ಗೋಡೆಯ ಕ್ರಮ ಮಾತ್ರ ಬದಲಾಗಲಿಲ್ಲ: ಎರಡು, ಎರಡೂವರೆ ಅಡಿ ದಪ್ಪಕ್ಕೆ ಮುರಕಲ್ಲು, ಕಲ್ಲುಗಳ ನಡುವೆ ಚಿಪ್ಪು ಸುಟ್ಟ ಸುಣ್ಣ ಮತ್ತು ಮರಳಿನ ಗಾರೆ, ಮೇಲೆ ಅದೇ ಸುಣ್ಣದ ಸಾರಣೆ.

ಮುರಕಲ್ಲು ನೀರು ಕುಡಿಯುವ ಕಲ್ಲು. ಈಸ್ಟ್ ಇಂಡಿಯಾ ಕಂಪೆನಿಗಾಗಿ ದಕ್ಷಿಣ ಭಾರತವನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಕಂಡು, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂದು 1807ರಲ್ಲಿ ಬರೆದು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಆದರೆ ಗಟ್ಟಿಯಾದ ಮೇಲೂ ಅದರ ಮೈತುಂಬ ತೂತುಗಳು ಹಾಗೆಯೇ ಇರುತ್ತವೆ. ವರ್ಷಕ್ಕೆ 3,500ರಿಂದ 4,000 ಮಿ.ಮೀ. ಮಳೆ ಸುರಿಯುವ ನಾಡಿನಲ್ಲಿ ಇಂತಹ ಕಲ್ಲಿನ ಗೋಡೆ ಒದ್ದೆಯಾಗದೆ ಉಳಿಯಲಾರದು ಎಂಬುದು ಕಟ್ಟಿದವರಿಗೆ ತಿಳಿದೇ ಇತ್ತು. ಆದ್ದರಿಂದ ಅವರು ಒಳಬಂದ ನೀರಿಗೆ ಹೊರಹೋಗುವ ದಾರಿ ಇಟ್ಟರು. ಸುಣ್ಣದ ಸಾರಣೆಯೇ ಆ ದಾರಿ. ಆಟಿ ಎಂಬ ನಡು ಮಳೆಗಾಲದ ತಿಂಗಳ ಮಳೆಗೆ ಹೊರಮೈ ಹೀರಿದ ನೀರೂ ನೆಲದಿಂದ ಮೇಲೇರಿದ ಪಸೆಯೂ ನವೆಂಬರದಿಂದ ಮೇ ತಿಂಗಳವರೆಗಿನ ಗಾಳಿ ಬಿಸಿಲಿಗೆ ಸುಣ್ಣದ ಮೂಲಕವೇ ಆರಿಹೋಗುತ್ತದೆ. ನೀರಿನೊಂದಿಗೆ ಬಂದ ಉಪ್ಪು ಸಾರಣೆಯಲ್ಲಿ ನಿಂತು, ಕೆಲವು ವರ್ಷಗಳಲ್ಲಿ ಸಾರಣೆ ಅಲ್ಲಲ್ಲಿ ಪುಡಿಯಾಗುತ್ತದೆ. ಅದು ಪುಡಿಯಾಗುವುದಕ್ಕೇ ಇರುವುದು. ಒಡೆದ ಹಂಚನ್ನು ಬದಲಿಸಿದಂತೆ ಅದನ್ನೂ ಕೆರೆದು ಹೊಸದಾಗಿ ಬಳಿಯಬೇಕು. ಕಲ್ಲು ಉಳಿಯಲೆಂದು ಸಾರಣೆ ಸವೆಯುತ್ತದೆ.

ಈಗ ಅದೇ ಗೋಡೆಗೆ ಸಿಮೆಂಟ್ ಸಾರಣೆ ಮಾಡಿದರೆ ಏನಾಗುತ್ತದೆ? ಒಣಗದ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಏನಾಗುತ್ತದೆಂದು ನಮ್ಮ ಕಡೆಯ ಯಾವ ಮನೆಯವರಿಗೂ ಹೇಳಿಕೊಡಬೇಕಾಗಿಲ್ಲ. ಸಿಮೆಂಟ್ ಗಟ್ಟಿ, ಕೆಳಗಿನ ಗೋಡೆ ಮೆದು. ಬಿಸಿಲು ಮಳೆಗೆ ಎರಡೂ ಒಂದೇ ಸಮ ಅಲುಗುವುದಿಲ್ಲವಾದ್ದರಿಂದ ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕುಗಳೇಳುತ್ತವೆ. ಆ ಬಿರುಕಿನಲ್ಲಿ ನೀರು ಸುಲಭವಾಗಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನೆಲದಿಂದ ಏರಿದ ಪಸೆಗೂ ಪಕ್ಕಕ್ಕೆ ದಾರಿಯಿಲ್ಲದೆ ಅದು ಮೇಲಕ್ಕೇ ಹೋಗುತ್ತದೆ. ಎರಡು ಅಡಿಗೆ ಕಂಡ ಕಲೆಯನ್ನು ಕೆತ್ತಿ ಮೂರು ಅಡಿಯವರೆಗೆ ಸಿಮೆಂಟ್ ಹಾಕಿದರೆ ಕಲೆ ಮುಂದಿನ ಮಳೆಗಾಲ ನಾಲ್ಕು ಅಡಿಗೆ ಕಾಣುತ್ತದೆ. ಐದು ಅಡಿಯವರೆಗೆ ಹಾಕಿದರೆ ಆರು ಅಡಿಗೆ. ವರ್ಷವಿಡೀ ಒದ್ದೆಯಲ್ಲಿ ನಿಂತ ಒಳಗಿನ ಗಾರೆ ಮೆಲ್ಲನೆ ಹಿಡಿತ ಕಳೆದುಕೊಂಡು ಮಣ್ಣಾಗುತ್ತದೆ. ಕೊನೆಗೆ ಪಸೆ ಗೋಡೆಯ ತಲೆಯನ್ನು ಮುಟ್ಟಿದಾಗ ಅಲ್ಲಿ ಕೂತ ಪಕಾಸುಗಳ, ಎಂದರೆ ಮಾಡನ್ನು ಹೊರುವ ಮರದ ತೊಲೆಗಳ, ಬುಡ ಕೊಳೆತು ಕುಂಬಾಗಿ ಗೆದ್ದಲು ಹತ್ತುತ್ತದೆ. ಅಷ್ಟು ಹೊತ್ತಿಗೆ ಕಟ್ಟಡ ನಿಜವಾಗಿಯೂ ಅಪಾಯಕಾರಿಯಾಗಿರುತ್ತದೆ, ನನಗೆ ಕರೆ ಬರುವುದೂ ಆಗಲೇ.

ಇಷ್ಟನ್ನೂ ಸಭೆಯಲ್ಲಿ ಮೂರು ಸಲ ವಿವರಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ಹಾಗಾದರೆ ಯಾವ ಕಂಪೆನಿಯ ವಾಟರ್‌ಪ್ರೂಫ್ ಒಳ್ಳೆಯದು ಸರ್’ ಎಂದು ಕೇಳುತ್ತಾರೆ. ಕೇಳುವವರು ಒಳ್ಳೆಯವರು, ಖರ್ಚು ಕೊಡಲೂ ಸಿದ್ಧರಿರುತ್ತಾರೆ. ಆದ್ದರಿಂದ ನಾಲ್ಕನೆಯ ಸಲ ಹೇಳುತ್ತೇನೆ: ಯಾವುದೂ ಬೇಡ. ಗೋಡೆಯ ಬಾಯಿ ಮುಚ್ಚುವ ವಸ್ತುವನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುವ ವಸ್ತುವಿನಿಂದ ಬದಲಿಸಿ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಬಣ್ಣವೂ ಇದೇ ಜಾತಿಯದು.

ನಮ್ಮ ಇಗರ್ಜಿಗಳ ರೋಗದ ಚರಿತ್ರೆಯನ್ನು ತಿಳಿಯಲು ನಾನು ಮೊದಲು ಕೇಳುವುದು ಜ್ಯುಬಿಲಿ ಸ್ಮರಣ ಸಂಚಿಕೆಗಳನ್ನು. ಮೇಲೆ ಹೇಳಿದ ಪಟ್ಟಣದಲ್ಲಿ ಫಾದರ್ ಮೂರು ಸಂಚಿಕೆಗಳನ್ನು ತಂದಿಟ್ಟರು. ಒಂದರಲ್ಲಿ ದಾನಿಗಳ ಭಾವಚಿತ್ರದ ಕೆಳಗೆ ‘ಗೋಡೆಗಳಿಗೆ ಸಿಮೆಂಟ್ ಸಾರಣೆ’; ಇಪ್ಪತ್ತೈದು ವರ್ಷಗಳ ನಂತರದ ಇನ್ನೊಂದರಲ್ಲಿ ಹಳೆಯ ಹೆಂಚಿನ ನೆಲ ಕಿತ್ತು ಗ್ರಾನೈಟ್; ಮೂರನೆಯದರಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಸು ಇಟ್ಟಿಗೆ. ನೆಲ ಮುಚ್ಚಿದಾಗ ಅಡಿಯ ಪಸೆಗೆ ಉಳಿದ ಹಾದಿ ಗೋಡೆಯೊಂದೇ. ಅಂಗಳ ಮುಚ್ಚಿದಾಗ ಮಾಡಿನ ನೀರು ಇಂಗದೆ ಗೋಡೆಯ ಬುಡಕ್ಕೇ ಹರಿಯುತ್ತದೆ. ಅಲ್ಲಿ ಇಂಟರ್‌ಲಾಕ್ ಎಷ್ಟು ಎತ್ತರಕ್ಕೆ ಬಂದಿತ್ತೆಂದರೆ ಹೊರಗಿನ ಮೂರು ಮೆಟ್ಟಿಲುಗಳಲ್ಲಿ ಒಂದು ಪೂರ್ತಿ ಹೂತುಹೋಗಿತ್ತು. ಎಲ್ಲವನ್ನೂ ಭಕ್ತಿಯಿಂದಲೇ ಮಾಡಿದ್ದರು, ದಾನಿಗಳಲ್ಲಿ ಒಬ್ಬರು ಸಭೆಯಲ್ಲಿ ನನ್ನ ಎದುರೇ ಕುಳಿತಿದ್ದರು. ಹೀಗಾಗಿ ಮಾತನ್ನು ಅಳೆದು ತೂಗಿ ಆಡಬೇಕಾಯಿತು.

ಅವರನ್ನು ದೂರುವ ಹಕ್ಕು ನನಗೂ ಇಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಇಗರ್ಜಿಯ ಗೋಡೆಗೆ ಸಿಮೆಂಟ್ ಸಾರಣೆ ಬರೆದುಕೊಟ್ಟವನು ನಾನೇ. ಕಾಲೇಜಿನಲ್ಲಿ ಸುಣ್ಣದ ಪಾಠ ಅರ್ಧ ತಾಸಿನಲ್ಲಿ ಮುಗಿದಿತ್ತು. ಕೆಲಸ ಶುರುವಾದ ದಿನ ಅಲ್ಲಿನ ಮುದಿ ಮೇಸ್ತ್ರಿ ಬೀಡಿ ಆರಿಸಿ, ‘ಸ್ವಾಮೀ, ಇದಕ್ಕೆ ಬೆವರು ಬಂದರೆ ಎಲ್ಲಿಂದ ಹೋಗುವುದು?’ ಎಂದು ಕೇಳಿದ. ನಾನು ನಕ್ಕೆ. ಆರು ಮಳೆಗಾಲ ಕಳೆದು ಅದೇ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಸಾರಣೆಯ ಒಂದು ಹಲಗೆ ಕೈಗೇ ಕಳಚಿ ಬಂದು, ಅದರ ಹಿಂದೆ ಗಾರೆಯಿದ್ದ ಜಾಗದಲ್ಲಿ ಒದ್ದೆ ಹುಡಿಯೂ ಬಿಳಿ ಉಪ್ಪೂ ಉಳಿದಿತ್ತು. ಮೇಸ್ತ್ರಿ ಆಗ ಬದುಕಿರಲಿಲ್ಲ.

ಇದನ್ನು ಓದಿ ಸಿಮೆಂಟ್ ಕಿತ್ತು ಕಲ್ಲನ್ನು ಬರಿಮೈ ಬಿಡಬೇಕೆಂದು ಯಾರೂ ತಿಳಿಯಬಾರದು. ‘ನ್ಯಾಚುರಲ್ ಲುಕ್’ ಎಂಬ ಹೊಸ ಹುಚ್ಚು ಸಿಮೆಂಟಿನಷ್ಟೇ ಕೆಟ್ಟದ್ದು. ಹಳೆ ಗೋವಾದ ಬೋಂ ಜೆಸುಸ್ ಬಸಿಲಿಕಾ ಇದಕ್ಕೆ ಸಾಕ್ಷಿ. 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದ ಆ ಇಗರ್ಜಿಯ ಹೊರಮೈಯ ಸುಣ್ಣದ ಸಾರಣೆಯನ್ನು 1950ರ ದಶಕದಲ್ಲಿ ಪುರಾತನವಾಗಿ ಕಾಣಲೆಂದು ತೆಗೆಸಿದರು. ಅಂದಿನಿಂದ ಬರಿಯ ಮುರಕಲ್ಲು ಪ್ರತಿ ಮಳೆಗಾಲ ಸವೆಯುತ್ತಿದೆ, ಮತ್ತೆ ಸಾರಣೆ ಬಳಿಯಬೇಕೇ ಬೇಡವೇ ಎಂಬ ವಾದ ಇಂದಿಗೂ ನಡೆದಿದೆ. ಜನ ಈಗ ಅದರ ಕೆಂಪು ಬಣ್ಣಕ್ಕೆ ಒಗ್ಗಿಹೋಗಿದ್ದಾರೆ.

ಇದರ ನಡುವೆ ಯಾರಾದರೊಬ್ಬರು ಹಾಸನದ ಶೆಟ್ಟಿಹಳ್ಳಿಯನ್ನು ಎತ್ತಿಯೇ ಎತ್ತುತ್ತಾರೆ. ಫ್ರೆಂಚ್ ಪಾದ್ರಿಗಳ ಕಾಲದ ಆ ಇಗರ್ಜಿ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದದ್ದನ್ನು ನೆನಪಿಸಿ, ಹಳೆಯದರ ಗತಿ ಇಷ್ಟೇ ಎನ್ನುತ್ತಾರೆ. ನನಗೆ ಅದು ಬೇರೆಯೇ ಪಾಠ ಹೇಳುತ್ತದೆ. ಮಾಡಿಲ್ಲ, ಬಾಗಿಲಿಲ್ಲ, ಜಲಾಶಯ ತುಂಬಿದಾಗ ಅರ್ಧ ಮೈ ನೀರಿನಲ್ಲಿ; ನೀರು ಇಳಿದಾಗ ಬಿಸಿಲಿಗೆ ಆರಿಕೊಂಡು ದಶಕಗಳಿಂದ ನಿಂತಿದೆ. ಒಂದೊಂದೇ ಭಾಗ ಕಳಚುತ್ತಿದೆ ನಿಜ. ಆದರೆ ಆರಲು ಬಿಟ್ಟ ಗೋಡೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆಯನ್ನು ನಾನು ಯೋಚಿಸಲಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಸೆ ಹಿಡಿದ ಗೋಡೆಗಳೆಲ್ಲ ಉಳಿಯುತ್ತವೆ ಎಂದು ನಾನು ಹೇಳುತ್ತಿಲ್ಲ. ಮೇಲೆ ಅಗಲವಾಗಿ ಕೆಳಗೆ ಸಪುರಾಗುವ ಬಿರುಕು, ಹೊರಕ್ಕೆ ಹೊಟ್ಟೆ ಬಂದ ಗೋಡೆ, ಪಾಯ ಕುಸಿದ ಗಂಟೆಗೋಪುರ, ಇವು ಬೇರೆ ರೋಗಗಳು. ಇವನ್ನು ಸ್ಥಳದಲ್ಲಿ ಅಳತೆ ಮಾಡಿಯೇ ಹೇಳಬೇಕು, ಅಂಕಣ ಓದಿ ಅಲ್ಲ. ಮಾಡಿನ ವಿಷಯದಲ್ಲಂತೂ ತಡ ಸಲ್ಲದು. ಹಳೆ ಗೋವಾದ ಸಂತ ಅಗಸ್ಟೀನರ ಇಗರ್ಜಿಯನ್ನು 1835ರಲ್ಲಿ ತೊರೆದರು. 1842ರಲ್ಲಿ ಅದರ ಕಮಾನು ಛಾವಣಿ ಬಿತ್ತು, 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು. ನೋಡುವವರಿಲ್ಲದ ಮಾಡಿಗೆ ಏಳು ವರ್ಷ ಸಾಕಾಯಿತು. ಕೆಡವುವುದೇ ಸರಿ ಎಂದು ನಾನು ಬರೆದುಕೊಟ್ಟ ಕಟ್ಟಡಗಳೂ ಇವೆ.

ಜಾಗ ಸಾಲದೆ ಹೊಸ ಇಗರ್ಜಿ ಬೇಕಾದರೆ ಜಾಗ ಸಾಲದು ಎಂದೇ ಹೇಳಬೇಕು. ಅದು ಗೌರವದ ಕಾರಣ, ಅದಕ್ಕೆ ಪಾರ್ಶ್ವದ ಮಂಟಪದಿಂದ ಹಿಡಿದು ಬೇರೆ ಜಾಗದಲ್ಲಿ ಹೊಸ ಕಟ್ಟಡದವರೆಗೆ ಹಲವು ಉತ್ತರಗಳಿವೆ. ಗೋಡೆಯನ್ನು ಸುಳ್ಳು ಸಾಕ್ಷಿಗೆ ಕರೆಯಬಾರದು. ಇನ್ನೊಂದು ಸಂಗತಿಯನ್ನು ಮಂಡಳಿಗಳು ಮರೆಯುತ್ತವೆ: ಇದು ಕೈಯೆತ್ತಿ ಮುಗಿಸುವ ತೀರ್ಮಾನವಲ್ಲ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 1222ನೆಯ ವಿಧಿಯ ಪ್ರಕಾರ, ಆರಾಧನೆಗೆ ಯಾವ ರೀತಿಯಲ್ಲೂ ಬಳಸಲಾಗದ, ದುರಸ್ತಿಯೂ ಸಾಧ್ಯವಿಲ್ಲದ ಇಗರ್ಜಿಯನ್ನು ಆರಾಧನೆಯಿಂದ ಬಿಡಿಸುವವರು ಧರ್ಮಾಧ್ಯಕ್ಷರು, ಎಂದರೆ ಬಿಷಪ್. ಬೇರೆ ಗಂಭೀರ ಕಾರಣಗಳಿದ್ದರೆ ಅವರು ಮೊದಲು ಗುರುಗಳ ಮಂಡಳಿಯ ಅಭಿಪ್ರಾಯವನ್ನೂ ಕೇಳಬೇಕು. ದುರಸ್ತಿ ಸಾಧ್ಯವೇ ಎಂಬ ಪ್ರಶ್ನೆಗೆ ದುರಸ್ತಿ ಮಾಡಿ ನೋಡದೆ ಉತ್ತರ ಕೊಡುವುದು ಹೇಗೆ?

ಆ ಪಟ್ಟಣದ ಸಭೆಯಲ್ಲಿ ನನ್ನ ಕೈಹಿಡಿದದ್ದು ಈ ವಾದಗಳೊಂದೂ ಅಲ್ಲ. ಎಲ್ಲರ ಮಾತು ಮುಗಿದ ಮೇಲೆ, ಎಂಬತ್ತು ದಾಟಿದ ಬಾಯಮ್ಮ ಒಬ್ಬರು ಮೈಕ್ ಇಲ್ಲದೆಯೇ, ‘ನಾವು ಸಣ್ಣವರಿರುವಾಗ ಇಲ್ಲಿ ಬೆಂಚು ಇರಲಿಲ್ಲ ಫಾದರ್, ಹೆಂಗಸರು ಈ ಗೋಡೆಗೇ ಒರಗಿ ಕೂರುತ್ತಿದ್ದೆವು. ಸೀರೆಗೆ ಸುಣ್ಣ ಮೆತ್ತುತ್ತಿತ್ತು, ಅದಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆ. ಸೀರೆ ಒದ್ದೆಯಾದದ್ದು ನೆನಪಿಲ್ಲ’ ಎಂದರು. ನಾನು ಒಂದು ಗಂಟೆಯಲ್ಲಿ ಹೇಳಲಾಗದ್ದನ್ನು ಅವರು ಹೇಳಿಬಿಟ್ಟಿದ್ದರು.

ಒಂದು ವರ್ಷ ಕಾಯುವುದೆಂದು ಆ ದಿನ ಒಪ್ಪಿದರು. ಉತ್ತರದ ಗೋಡೆಯಲ್ಲಿ ಎಂಟು ಅಡಿ ಅಗಲಕ್ಕೆ ಒಳಗೂ ಹೊರಗೂ ಸಿಮೆಂಟ್ ಕೆತ್ತಿ, ಕಲ್ಲು ಬರಿದಾಗಿ ಬೇಸಿಗೆ ಕಳೆಯಲು ಬಿಟ್ಟು, ಮಳೆಗೆ ಮುಂಚೆ ಸುಣ್ಣದ ಸಾರಣೆ ಹಾಕಿದೆವು. ಅಷ್ಟು ಉದ್ದಕ್ಕೆ ಬುಡದ ಇಂಟರ್‌ಲಾಕ್ ಕಿತ್ತು ಮಣ್ಣು ತಗ್ಗಿಸಿ, ಮಾಡಿನ ನೀರು ಹರಿದುಹೋಗಲು ದಂಬೆ ಕಟ್ಟಿದೆವು. ಗಂಟೆ ಬಾರಿಸುವ ಹುಡುಗನಿಗೆ ಒಂದು ಕೆಲಸ ಹಚ್ಚಿದೆ: ತಿಂಗಳ ಮೊದಲ ಭಾನುವಾರ ಪಸೆ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಬೇಕು. ಡಿಸೆಂಬರಿನ ಗೆರೆ ನಾಲ್ಕೂವರೆ ಅಡಿಯಲ್ಲಿತ್ತು, ಮಾರ್ಚಿನದು ಮೂರರಲ್ಲಿ. ಮೇ ತಿಂಗಳಲ್ಲಿ ಹೊಸ ಸಾರಣೆಯ ಮೇಲೆ ಎಳೆದದ್ದು ಒಂದೂವರೆಗೆ ಇಳಿಯಿತು. ಮೊನ್ನೆ ಅವನು ಕಳಿಸಿದ ಫೋಟೊದಲ್ಲಿ ಜುಲೈಯ ಗೆರೆ ಮೇಯದಕ್ಕಿಂತ ಮೂರು ಬೆರಳು ಮೇಲಿದೆ, ಪಕ್ಕದಲ್ಲಿ ತಾರೀಕಿನ ಜೊತೆ ‘ಭಾರೀ ಮಳೆ’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದಾನೆ. ಮಂಡಳಿ ಮತ್ತೆ ಸೇರುವುದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಇನ್ನೂ ಎರಡು ಗೆರೆಗಳು ಬರಬೇಕಿವೆ.