ಅಡುಗೆಮನೆಯ ಚಾಕುವನ್ನೇ ಹೊಲಕ್ಕೂ ಗುಡ್ಡಕ್ಕೂ ಒಯ್ಯಬಹುದಾ?

ಓದುಗರ ಪ್ರಶ್ನೆ: ನಾವು ಧಾರವಾಡದಲ್ಲಿ ಇರುತ್ತೇವೆ, ಹೊಲ ಗದಗದ ಹತ್ತಿರ. ಒಂದು ಒಳ್ಳೆ ಚಾಕು ತಗೋಬೇಕು ಅಂತಿದ್ದೇನೆ. ಅದನ್ನೇ ಅಡುಗೆಗೂ, ಹೊಲಕ್ಕೂ, ರಜೆಯಲ್ಲಿ ಕಪ್ಪತಗುಡ್ಡಕ್ಕೆ ಹೋದಾಗಲೂ ಬಳಸಬಹುದಾ? ಸ್ಟೀಲ್ ತಗೊಳ್ಳಲಾ, ಕಬ್ಬಿಣದ್ದಾ?

ಉತ್ತರ: ಒಂದೇ ಚಾಕು ಬೇಡ, ಎರಡು ತಗೊಳ್ಳಿ. ಎರಡೂ ಸಾಧಾರಣ ಬೆಲೆಯವು ಇದ್ದರೆ ಸಾಕು. ಉಳಿದ ದುಡ್ಡಿಗೆ ಒಂದು ಸಾಣೆಕಲ್ಲು ತನ್ನಿ.

ಎರಡು ಬೇಕು ಅನ್ನುವುದಕ್ಕೆ ಕಾರಣ ಅಲಗಿನ ದಪ್ಪ. ತರಕಾರಿ ಚಾಕುವಿನ ಬೆನ್ನು ಸುಮಾರು 2 ಮಿ.ಮೀ. ಇರುತ್ತದೆ. ಬಾಯಿಯ, ಅಂದರೆ ಹೆಚ್ಚುವ ಅಂಚಿನ ಕಡೆ ಬರುತ್ತಾ ಇನ್ನೂ ತೆಳ್ಳಗಾಗುತ್ತದೆ. ಅದಕ್ಕೇ ಉಳ್ಳಾಗಡ್ಡಿಯೊಳಗೆ ಸಲೀಸಾಗಿ ಇಳಿಯುತ್ತದೆ. ಇದೇ ಚಾಕುವನ್ನು ಕಬ್ಬಿನ ಗಿಣ್ಣಿಗೋ ಒಣ ಕಟ್ಟಿಗೆಗೋ ಹಾಕಿದರೆ ಬಾಯಿ ಮುಕ್ಕಾಗುತ್ತದೆ. ಹೊಲದ ಕೆಲಸಕ್ಕೆ 3ರಿಂದ 4 ಮಿ.ಮೀ. ದಪ್ಪ ಬೇಕು. ಆದರೆ ಆ ದಪ್ಪ ಚಾಕುವಿನಿಂದ ಗಜ್ಜರಿ ಹೆಚ್ಚಿ ನೋಡಿ. ನೀಟಾಗಿ ಹೋಳಾಗುವುದಿಲ್ಲ, ಅರ್ಧಕ್ಕೆ ಹೋಗಿ ಪಟ್ಟನೆ ಸೀಳುತ್ತದೆ.

ಅಡುಗೆಮನೆಗೆ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಇದರಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುವುದರಿಂದ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ನಿಂಬೆಹಣ್ಣು, ಟೊಮೆಟೊ, ಮಾವಿನಕಾಯಿ ಹೆಚ್ಚುವ ಮನೆಗೆ ಇದೇ ನಿರಾಳ. ಅಲಗು 15ರಿಂದ 20 ಸೆಂ.ಮೀ. ಇರಲಿ. ನಾವು ಕಬ್ಬಿಣದ್ದು ಅನ್ನುವ ಚಾಕು ಸಾಮಾನ್ಯವಾಗಿ ಕಾರ್ಬನ್ ಸ್ಟೀಲ್. ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ, ಆದರೆ ಒದ್ದೆ ಬಿಟ್ಟರೆ ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಹೊಲಕ್ಕೆ ನಾನು ಇದನ್ನೇ ಹೇಳುತ್ತೇನೆ. ಸಂತೆಯಲ್ಲಿ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಚಾಕು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಬೇಡಿ, ಕೈಯಲ್ಲಿ ಹಿಡಿದು ನೋಡಿ. ಅಲಗಿನ ಉಕ್ಕು ಹಿಡಿಕೆಯ ಕೊನೆವರೆಗೂ ಹೋಗಿರಬೇಕು, ರಿವೆಟ್ ಅಲುಗಾಡಬಾರದು. ಬಾಯಿಯ ಬುಡದಲ್ಲಿ ಅರ (ಲೋಹ ಉಜ್ಜುವ ಫೈಲ್) ಆಡಿಸಿ ತೋರಿಸಲು ಕೇಳಿ. ಅರ ಜಾರಿದರೆ ಹದ, ಅಂದರೆ ಕಾಯಿಸಿ ತಣಿಸಿ ಉಕ್ಕಿಗೆ ತರುವ ಗಟ್ಟಿತನ, ಚೆನ್ನಾಗಿ ಬಿದ್ದಿದೆ. ಮೆತ್ತಗೆ ಕೊರೆದುಕೊಂಡು ಹೋದರೆ ಆ ಚಾಕು ಬೇಡ. ಒಳ್ಳೆ ಹದ ಹಾಕಿದ ಕಮ್ಮಾರರ ಚಾಕು ಹೊಳೆಯುವ ಡಬ್ಬಿಯಲ್ಲಿ ಬರುವ ಎಷ್ಟೋ ಚಾಕುಗಳಿಗಿಂತ ಮೇಲು. ಆ ಕೆಲಸಕ್ಕೆ ಅವರು ಕೇಳಿದ ಬೆಲೆ ಕೊಡಿ, ಚೌಕಾಸಿ ಮಾಡಬೇಡಿ.

ಇನ್ನು ಕಪ್ಪತಗುಡ್ಡ. ಅಲ್ಲಿಗೆ ಚಾಕು ಒಯ್ಯಬೇಡಿ. 2019ರಲ್ಲಿ ಅದು ವನ್ಯಜೀವಿ ಧಾಮವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊದಲೇ ಅನುಮತಿ ಪಡೆಯದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆ ಹೇಳುವ ಆಯುಧಗಳಲ್ಲಿ ಚಾಕುವೂ ಇದೆ. ಸವತೆಕಾಯಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡು ಹೋದರೆ ಆಯಿತು. ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗುವಾಗಲೂ ಚಾಕು ಕೈಚೀಲದಲ್ಲಿ ಇರಬಾರದು.

ಚಾಕು ತಗೊಂಡ ಮೇಲಿನದು ಇನ್ನೂ ಮುಖ್ಯ. ‘ಹೊಸ ಚಾಕು, ತಿಂಗಳಲ್ಲೇ ಮೊಂಡಾಯಿತು’ ಅನ್ನುವವರ ಮನೆಗೆ ಹೋಗಿ ನೋಡಿದರೆ ಎಷ್ಟೋ ಕಡೆ ಗ್ರಾನೈಟ್ ಕಟ್ಟೆಯ ಮೇಲೋ ಸ್ಟೀಲ್ ತಟ್ಟೆಯಲ್ಲೋ ಹೆಚ್ಚುತ್ತಿರುತ್ತಾರೆ. ಎಂಥ ದುಬಾರಿ ಚಾಕುವೂ ಅದರ ಮುಂದೆ ನಿಲ್ಲುವುದಿಲ್ಲ. ಕಟ್ಟಿಗೆಯ ಹಲಗೆ ಬಳಸಿ. ಹೆಚ್ಚಿದ ತರಕಾರಿಯನ್ನು ಬಾಯಿಯಿಂದ ಕೆರೆದು ಪಾತ್ರೆಗೆ ತಳ್ಳಬೇಡಿ, ಚಾಕು ತಿರುಗಿಸಿ ಬೆನ್ನಿನಿಂದ ತಳ್ಳಿ. ಪಾತ್ರೆ ರಾಶಿಯಲ್ಲಿ ಹಾಕಬೇಡಿ, ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿಡಿ.

ಸಾಣೆ ಹಿಡಿಯುವುದು ಕಷ್ಟ ಅಂತ ಜನ ಸುಮ್ನೆ ಹೆದರುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಾರ್ಬೊರಂಡಂ ಕಲ್ಲು ಸಿಗುತ್ತದೆ, ಒಂದು ಮುಖ ಒರಟು, ಇನ್ನೊಂದು ನುಣುಪು. ಕಲ್ಲನ್ನು ನೀರಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ. ಆಗ ಕಲ್ಲು ಜಾರುವುದಿಲ್ಲ. ಚಾಕುವನ್ನು ಕಲ್ಲಿನ ಮೇಲೆ ನೇರ ನಿಲ್ಲಿಸಿದರೆ 90 ಡಿಗ್ರಿ. ಅರ್ಧ ಬಾಗಿಸಿದರೆ 45. ಮತ್ತೆ ಅರ್ಧ ಬಾಗಿಸಿದರೆ 22ರ ಆಸುಪಾಸು. ಹೊಲದ ಚಾಕುವಿಗೆ ಅದು ಸರಿ. ಅಡುಗೆಯದಕ್ಕೆ ಇನ್ನೂ ಸ್ವಲ್ಪ ಬಾಗಿಸಿ, 15ರಿಂದ 20 ಡಿಗ್ರಿ. ಆ ಓರೆ ಬದಲಾಗದಂತೆ ಬುಡದಿಂದ ತುದಿವರೆಗೆ ಉಜ್ಜುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಗರಗರ ಅನ್ನುವ ಸಣ್ಣ ಏಣು ಮೂಡುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆ ಸವರಿ ನೋಡಿ, ಬಾಯಿಯ ಉದ್ದಕ್ಕೆ ಎಂದೂ ಸವರಬೇಡಿ. ಆ ಏಣು ಪೂರ್ತಿ ಉದ್ದಕ್ಕೆ ಸಿಕ್ಕಿದರೆ ಮಾತ್ರ ಮಗ್ಗಲು ಬದಲಿಸಿ. ಬಹಳ ಜನ ಅದು ಮೂಡುವ ಮೊದಲೇ ಕೈ ಬಿಡುತ್ತಾರೆ, ಅದಕ್ಕೇ ಹರಿತ ಬರುವುದಿಲ್ಲ. ಆಮೇಲೆ ನುಣುಪು ಮುಖದಲ್ಲಿ ಹಗುರ ಕೈಯಿಂದ ಎರಡೂ ಬದಿ ತೀಡಿ, ಕೊನೆಗೆ ಹಳೆಯ ಚರ್ಮದ ಬೆಲ್ಟ್ ಮೇಲೆ ಹಿಮ್ಮುಖವಾಗಿ, ಅಂದರೆ ಬೆನ್ನು ಮುಂದಾಗಿ, ಎಳೆಯಿರಿ. ಮಾಗಿದ ಟೊಮೆಟೊ ಸಿಪ್ಪೆ ಒತ್ತದೆಯೇ ಕೊಯ್ದರೆ ಕೆಲಸ ಮುಗಿಯಿತು.

ಯಂತ್ರದಲ್ಲಿ ಸಾಣೆ ಹಿಡಿಸುವುದಾದರೆ ಪಕ್ಕದಲ್ಲಿ ನಿಂತುಕೊಳ್ಳಿ. ಆಗಾಗ ನೀರಿಗೆ ಅದ್ದಲು ಹೇಳಿ. ಕಾರ್ಬನ್ ಸ್ಟೀಲಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಿದೆ ಅಂತ ಅರ್ಥ. ಅಷ್ಟು ಭಾಗದ ಹದ ಹೋಯಿತು. ಅಲ್ಲಿ ಎಷ್ಟು ಸಾಣೆ ಹಿಡಿದರೂ ಹರಿತ ಬಾಳುವುದಿಲ್ಲ.

ಧಾರವಾಡದ ಮಳೆಗಾಲದಲ್ಲಿ ಹೊಲದ ಚಾಕುವಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಒರೆ ತೇವ ಹಿಡಿದು ಒಳಗೇ ತುಕ್ಕು ಬರುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.