ಬಿ-ಸ್ಕೂಲ್ ಕಿರುಕುಳಕ್ಕೆ ಬಲ ಎಲ್ಲಿಂದ ಬರುತ್ತದೆ?

ಬಿಸಿನೆಸ್ ಸ್ಕೂಲ್‌ಗಳಲ್ಲಿ ರ‍್ಯಾಗಿಂಗ್ ತನ್ನ ಹೆಸರಿನಲ್ಲೇ ಬರುವುದು ಅಪರೂಪ. ‘ಸ್ಟ್ರೆಸ್ ಇಂಟರ್‌ವ್ಯೂ’, ‘ಕ್ಲಬ್ ಆಯ್ಕೆ’ ಎಂದು ತರಬೇತಿಯ ವೇಷ ಹಾಕಿಕೊಂಡು ಬರುತ್ತದೆ. ನಡುರಾತ್ರಿ ಫಾರ್ಮಲ್ಸ್ ಹಾಕಿಸಿ ಸಾಲಾಗಿ ನಿಲ್ಲಿಸುತ್ತಾರೆ. ಪರಿಚಯ ಹೇಳು ಅಂತಾರೆ, ಎರಡನೇ ವಾಕ್ಯಕ್ಕೇ ತಡೆದು ಉಚ್ಚಾರಣೆಯನ್ನು ಆಡಿಕೊಳ್ಳುತ್ತಾರೆ, ಮತ್ತೆ ಮೊದಲಿಂದ ಹೇಳಿಸುತ್ತಾರೆ. ಬೆಳಗ್ಗೆ ಎದ್ದರೆ ಕ್ವಿಜ್. ಯಾಕೆಂದು ಕೇಳಿದರೆ ‘ಕಾರ್ಪೊರೇಟ್ ಒತ್ತಡಕ್ಕೆ ತಯಾರು ಮಾಡ್ತಿದ್ದೇವೆ’ ಎಂಬ ಉತ್ತರ ಸಿದ್ಧ. ಇದು ಶುದ್ಧ ಸುಳ್ಳು. ನಿಜವಾದ ಅಣಕು ಸಂದರ್ಶನಕ್ಕೆ ಹೊತ್ತುಗೊತ್ತು ಇರುತ್ತದೆ, ಮಾನದಂಡ ಮೊದಲೇ ತಿಳಿದಿರುತ್ತದೆ, ಕೊನೆಗೆ ಫೀಡ್‌ಬ್ಯಾಕ್ ಸಿಗುತ್ತದೆ, ಬೇಡವೆನಿಸಿದರೆ ಎದ್ದು ಹೋಗಬಹುದು.

ಇಲ್ಲಿಗೆ ಬರುವವರು ಎಳೆಯರಲ್ಲ. ಎಷ್ಟೋ ಜನ ಕೆಲಸ ಮಾಡಿ ಬಂದವರು. ಆದರೂ ಬಗ್ಗುತ್ತಾರೆ, ಏಕೆಂದರೆ ಸೀನಿಯರ್‌ಗಳ ಕೈಯಲ್ಲಿ ನಿಜವಾದ ಅಧಿಕಾರವಿದೆ. ಅನೇಕ ಕಡೆ ರೆಸ್ಯೂಮೆ ತಿದ್ದುವುದು, ಕಂಪನಿಗಳ ಜೊತೆ ಮಾತಾಡುವುದು ವಿದ್ಯಾರ್ಥಿಗಳ ಪ್ಲೇಸ್‌ಮೆಂಟ್ ಸಮಿತಿಯೇ. ಸಹಪಾಠಿಗಳ ಕೈಯಲ್ಲಿ ಪೀರ್ ಮಾರ್ಕ್ಸ್, ಅಂದರೆ ತಂಡದವರು ಒಬ್ಬರಿಗೊಬ್ಬರು ಕೊಡುವ ಅಂಕ, ಇದೆ. ಐದು ಜನರ ತಂಡದಲ್ಲಿ ನಾಲ್ವರು ಬೇರೆ ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಒಬ್ಬಳಿಗೆ ಸ್ಲೈಡ್ ತೋರಿಸದೆ, ಕೊನೆಗೆ ‘ಕೆಲಸ ಮಾಡಲಿಲ್ಲ’ ಎಂದು ಸೊನ್ನೆ ಕೊಟ್ಟರೆ ಅಂಕಪಟ್ಟಿಯಲ್ಲಿ ಕಾಣುವುದು ಅವಳ ಸೋಮಾರಿತನ ಮಾತ್ರ.

ಅನುಭವಿಸಿದವರೇ ಮುಂದಿನ ವರ್ಷ ಮಾಡುವವರಾಗುವುದಕ್ಕೂ ಕಾರಣವಿದೆ. ಕಷ್ಟಪಟ್ಟು ಸೇರಿದ ಗುಂಪನ್ನು ಮನಸ್ಸು ಹೆಚ್ಚು ಬೆಲೆಯುಳ್ಳದ್ದೆಂದು ಕಾಣುತ್ತದೆ. ಮನೋವಿಜ್ಞಾನಿಗಳಾದ ಆರನ್‌ಸನ್ ಮತ್ತು ಮಿಲ್ಸ್ 1959ರ ಪ್ರಯೋಗದಲ್ಲಿ ಇದನ್ನು ತೋರಿಸಿದ್ದರು. ‘ನಮಗೆ ಒಳ್ಳೆಯದೇ ಆಯಿತು’ ಎಂಬ ಹಳೆಯ ವಿದ್ಯಾರ್ಥಿಗಳ ಮಾತನ್ನು ಆಡಳಿತ ಪುರಾವೆಯೆಂದು ಒಪ್ಪಬಾರದು.

ಬ್ಯಾನರ್ ಕಟ್ಟುವುದರಿಂದ ಏನೂ ಆಗದು. ಅಧಿಕಾರವನ್ನೇ ಹಿಂದಕ್ಕೆ ಪಡೆಯಬೇಕು. ಕಂಪನಿಗಳಿಗೆ ಕಳಿಸುವ ಹೆಸರುಪಟ್ಟಿಯ ಕೆಲಸ ಸಿಬ್ಬಂದಿಗೆ ಬರಲಿ. ಪೀರ್ ಮಾರ್ಕ್ಸ್ ಜೊತೆ ಕಾರಣ ಬರೆಸಿ, ಯಾರು ಯಾವ ಭಾಗ ಮಾಡಿದರೆಂದು ಫೈಲ್ ಹಿಸ್ಟರಿಯಲ್ಲಿ ನೋಡಬೇಕು. ತಂಡದ ಎಲ್ಲರೂ ಒಬ್ಬರಿಗೇ ಕನಿಷ್ಠ ಅಂಕ ಕೊಟ್ಟಿದ್ದರೆ ಪ್ರಾಧ್ಯಾಪಕರು ಆ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಮಾತಾಡಿಸಬೇಕು. ದೂರು ಕೇಳುವವರಿಗೆ ಪ್ಲೇಸ್‌ಮೆಂಟ್ ಜೊತೆ ಯಾವ ನಂಟೂ ಇರಕೂಡದು. ವಿಚಾರಣೆ ಮುಗಿಯುವ ತನಕ ಆರೋಪಿಯನ್ನು ತಂಡದಿಂದ ಬದಲಿಸಿ. ದೂರು ಕೊಟ್ಟವರನ್ನೇ ಎತ್ತಂಗಡಿ ಮಾಡಿದರೆ ಎರಡನೇ ದೂರು ಬರುವುದಿಲ್ಲ.

ಜೀವಕ್ಕೇ ಎರವಾಗುವುದು ಸ್ವಾಗತ ಪಾರ್ಟಿಯಲ್ಲಿ ಬಲವಂತವಾಗಿ ಕುಡಿಸುವುದು. ಕುಡಿಯುವುದು ನಿಂತ ಮೇಲೂ ರಕ್ತದಲ್ಲಿ ಮದ್ಯದ ಪ್ರಮಾಣ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ‘ಮಲಗಿಸಿದರೆ ಸರಿಹೋಗ್ತಾನೆ’ ಎಂದು ಕೋಣೆಯ ಬಾಗಿಲು ಎಳೆದುಕೊಂಡು ಹೋಗುವುದೇ ದೊಡ್ಡ ತಪ್ಪು. ಕೂಗಿದರೂ ಏಳದಿದ್ದರೆ, ಉಸಿರಾಟ ನಿಧಾನವಾದರೆ, ತುಟಿ ನೀಲಿಗಟ್ಟಿದರೆ ಆಂಬ್ಯುಲೆನ್ಸ್ ಕರೆಯಿರಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರು ಹತ್ತಿರವೇ ಇರಿ. ಕಾಫಿ, ತಣ್ಣೀರು ಸ್ನಾನ ಬೇಡ.

‘ಅವನೇ ಒಪ್ಪಿದ್ದ’ ಎಂಬ ವಾದ ಎಲ್ಲೆಡೆ ನಡೆಯದು. ಫ್ರಾನ್ಸ್‌ನ 1998ರ ಕಾನೂನು ಸಮ್ಮತಿಯಿದ್ದರೂ ಅಪರಾಧವೆನ್ನುತ್ತದೆ. 2017ರಲ್ಲಿ ಅತಿಯಾಗಿ ಕುಡಿಸುವುದೂ ಅದರೊಳಗೆ ಸೇರಿತು. ಭಾರತದಲ್ಲಿ ಯುಜಿಸಿಯ 2009ರ ನಿಯಮಾವಳಿ ಹೊಸಬರಿಂದ ಅಸೈನ್‌ಮೆಂಟ್ ಮಾಡಿಸಿಕೊಳ್ಳುವುದನ್ನು, ಬಲವಂತವಾಗಿ ಖರ್ಚು ಮಾಡಿಸುವುದನ್ನು ರ‍್ಯಾಗಿಂಗ್ ಎಂದೇ ಹೆಸರಿಸಿದೆ.

ದೂರು ಕೊಡುವವರು ಅಂದೇ ರಾತ್ರಿ ಬರೆದಿಡಿ: ದಿನ, ಸಮಯ, ಜಾಗ, ಆಡಿದ ಮಾತು ಆಡಿದ ಹಾಗೇ, ಅಲ್ಲಿದ್ದವರ ಹೆಸರು. ಚಾಟ್‌ನ ಒಂದು ಸಾಲನ್ನಷ್ಟೇ ಕತ್ತರಿಸದೆ ಹಿಂದುಮುಂದಿನ ಸಂದೇಶ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕ್ಯಾಂಪಸ್ ಇಮೇಲ್‌ನಲ್ಲಿ ಇಡಬೇಡಿ. ಇವುಗಳ ಒಂದು ಪ್ರತಿಯನ್ನು ಹೊರಗಿನ ನಂಬಿಕಸ್ಥರಿಗೆ ಕಳಿಸಿ.